ಖಾಲಿ ತೋಟೆಯ ಲೆಕ್ಕ

ನಮ್ಮೂರು ತೀರ್ಥಹಳ್ಳಿ ಕಡೆ. ಅಜ್ಜನ ಹತ್ತಿರ ಲೈಸೆನ್ಸ್ ಇದ್ದ ಕೇಪಿನ ಕೋವಿ ಒಂದಿತ್ತು. ಗದ್ದೆಗೆ ಹಂದಿ ನುಗ್ಗಿದರೆ ಈಡು ಹೊಡೆದು ಓಡಿಸಲಿಕ್ಕೆ. ಮಸಿ (ಸಿಡಿಯುವ ಮದ್ದು), ಚರೆ (ಸಣ್ಣ ಸೀಸದ ಗುಂಡು), ಕೇಪು (ಪೆಟ್ಟು ಬಿದ್ದರೆ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ಬಿಲ್ಲೆ) ಅನ್ನುವ ಮಾತುಗಳು ಕಿವಿಗೆ ಬಿದ್ದಿದ್ದು ಆಗಲೇ. ಮುಟ್ಟಲಿಕ್ಕೆ ಮಾತ್ರ ಅಜ್ಜ ಬಿಡುತ್ತಿರಲಿಲ್ಲ.

ಮೂವತ್ತು ವರ್ಷ ಆದ ಮೇಲೆ, ಟೆಕ್ಸಾಸಿನ ನನ್ನ ಗ್ಯಾರೇಜಿನಲ್ಲಿ ಕೂತು ಹೊಡೆದು ಖಾಲಿಯಾದ ತೋಟೆಗೆ (ಕಾರ್ಟ್ರಿಜ್ಜಿಗೆ) ನಾನೇ ಕೇಪು ಕೂರಿಸುತ್ತೇನೆ. ಗ್ರೀನ್ ಕಾರ್ಡ್ ಬಂದ ಮೇಲೆ .38 ಸ್ಪೆಷಲ್ ರಿವಾಲ್ವರ್ ಒಂದನ್ನು ಕೊಂಡೆ. ವೀಸಾದ ಮೇಲೆ ಇರುವವರು ಮೊದಲು ಕಾನೂನು ಸರಿಯಾಗಿ ಓದಿಕೊಳ್ಳಿ. ಎಚ್‌1ಬಿಯವರಿಗೆ ಕೆಲವು ವಿನಾಯಿತಿ ಬಿಟ್ಟರೆ ಬಂದೂಕೂ ಇಲ್ಲ, ತೋಟೆಯೂ ಇಲ್ಲ. ಇಲ್ಲಿ ನಮ್ಮ ಬಳಕೆಗೆ ತೋಟೆ ತುಂಬಿಸಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವುದಕ್ಕೆ ಬೇಕು. ಊರಲ್ಲಿ ಇದನ್ನು ಮಾಡಲು ಹೋಗಬೇಡಿ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ.

ಒಂದು ತೋಟೆಯಲ್ಲಿ ಇರುವುದು ನಾಲ್ಕೇ ಸಾಮಾನು. ಹಿತ್ತಾಳೆಯ ಚಿಪ್ಪು, ಕೇಪು, ಮದ್ದು, ಗುಂಡು. ಇಲ್ಲಿಯವರ ಬಾಯಲ್ಲಿ ಬ್ರಾಸ್, ಪ್ರೈಮರ್, ಪೌಡರ್, ಬುಲೆಟ್. ಈ ನಾಲ್ಕರಲ್ಲಿ ಹಿತ್ತಾಳೆ ಮಾತ್ರ ಮತ್ತೆ ಕೈಗೆ ಬರುತ್ತದೆ. ಉಳಿತಾಯ ಅಂತ ಏನಾದರೂ ಇದ್ದರೆ ಅದು ಶುರುವಾಗುವುದು ಅಲ್ಲಿಂದಲೇ.

ನಾನು ಇದಕ್ಕೆ ಕೈ ಹಾಕಿದ್ದು 2021ರಲ್ಲಿ. ಅದಕ್ಕಿಂತ ಕೆಟ್ಟ ಹೊತ್ತು ಸಿಕ್ಕುತ್ತಿರಲಿಲ್ಲ! ಕೋವಿಡ್ ಸಮಯದಲ್ಲಿ ಜನ ಬಂದೂಕಿನ ಅಂಗಡಿಗೆ ಮುಗಿಬಿದ್ದಿದ್ದರು. ಮೊದಲು ಸಾವಿರಕ್ಕೆ 30-35 ಡಾಲರಿಗೆ ಸಿಗುತ್ತಿದ್ದ ಕೇಪು 100 ದಾಟಿತ್ತು. ಅದೂ ಸಿಕ್ಕರೆ. ಹತ್ತಿರದ ಅಂಗಡಿಯಲ್ಲಿ ತಲೆಗೆ ನೂರರ ಒಂದು ಪೊಟ್ಟಣ ಅಂತ ನಿಯಮ ಮಾಡಿದ್ದರು. ಶನಿವಾರ ಬೆಳಿಗ್ಗೆ ನಾನು, ನನ್ನ ಹೆಂಡತಿ, ಮಂಡ್ಯದ ಗೆಳೆಯ ಮೂವರೂ ಕ್ಯೂ ನಿಲ್ಲುತ್ತಿದ್ದೆವು. "ಸೀಮೆಎಣ್ಣೆಗೆ ನಿಂತಿದ್ದು ಸಾಲ್ದು ಅಂತ ಇಲ್ಲೂ ನಿಲ್ಲಿಸಿದ್ರಲ್ಲ," ಅಂತ ಹೆಂಡತಿ ಬೈದಿದ್ದು ಇನ್ನೂ ನೆನಪಿದೆ.

ಆ ಅವಸರದಲ್ಲಿ ದೊಡ್ಡ ತಪ್ಪೊಂದು ಮಾಡಿದೆ. ಆನ್‌ಲೈನಿನಲ್ಲಿ ಒಂದು ಕಡೆ ಒಂದು ಪೌಂಡ್ ಮದ್ದು ಕಂಡಿತು, ತಕ್ಷಣ ತರಿಸಿದೆ. ಎರಡು ದಿನ ಬಿಟ್ಟು ಇನ್ನೊಂದು ಕಡೆ ಸಾವಿರ ಕೇಪು ಕಂಡಿತು, ಅದನ್ನೂ ತರಿಸಿದೆ. ಬಿಲ್ಲು ನೋಡಿದಾಗ ಗೊತ್ತಾಯಿತು. ಮದ್ದು, ಕೇಪು ಎರಡೂ ಅಪಾಯದ ಸರಕು. ಅದಕ್ಕೆ ಹಜ್‌ಮ್ಯಾಟ್ ಅಂತ ಪ್ರತ್ಯೇಕ ಶುಲ್ಕ, 20ರಿಂದ 50 ಡಾಲರ್ ತನಕ. ನಾನು ಎರಡು ಸಲ ಕಟ್ಟಿದ್ದೆ. ಆ ಮದ್ದಿನ ಬೆಲೆಗಿಂತ ಅದನ್ನು ತರಿಸಿದ ಖರ್ಚೇ ಜಾಸ್ತಿ. ಚಿಪ್ಪಿಗೂ ಗುಂಡಿಗೂ ಈ ಶುಲ್ಕ ಇಲ್ಲ, ಅವನ್ನು ಯಾವಾಗ ಬೇಕಾದರೂ ತರಿಸಬಹುದು.

ಈಗ ಹೀಗೆ ಮಾಡುತ್ತೇವೆ. ನಾವು ನಾಲ್ಕು ಜನ ಸೇರಿ ವರ್ಷಕ್ಕೆ ಒಂದೋ ಎರಡೋ ಸಲ ಒಟ್ಟಿಗೆ ಆರ್ಡರ್ ಹಾಕುತ್ತೇವೆ. ಒಂದು ಪೆಟ್ಟಿಗೆಗೆ ಒಂದೇ ಶುಲ್ಕ. 48-50 ಪೌಂಡ್ ತೂಕದವರೆಗೆ ಎಷ್ಟು ತುಂಬಿದರೂ ಅಷ್ಟೇ. ಅದನ್ನು ನಾಲ್ಕು ಪಾಲು ಮಾಡಿದರೆ ತಲೆಗೆ ಹದಿಮೂರು ಡಾಲರ್ ದಾಟುವುದಿಲ್ಲ. ಎಂಟು ಪೌಂಡಿನ ಕ್ಯಾನ್ ಪೌಂಡಿನ ಲೆಕ್ಕದಲ್ಲಿ ಅಗ್ಗವೇ. ಆದರೆ ಹಂಚಿಕೊಳ್ಳಲು ಅದನ್ನು ಕೊಳ್ಳುವುದಿಲ್ಲ. ಮದ್ದು ಅದು ಬಂದ ಡಬ್ಬಿಯಲ್ಲೇ ಇರಬೇಕು. ಬೇರೆ ಡಬ್ಬಿಗೆ ಸುರಿದಿಟ್ಟರೆ ಆರು ತಿಂಗಳಲ್ಲಿ ಒಳಗೆ ಯಾವುದಿದೆ ಅಂತ ಇಟ್ಟವನಿಗೂ ಮರೆತುಹೋಗುತ್ತದೆ. ಹಾಗಾಗಿ ಒಂದೊಂದು ಪೌಂಡಿನ ಡಬ್ಬಿಗಳನ್ನೇ ತರಿಸುತ್ತೇವೆ. ಅಗ್ಗ ಅಂತ ರಾಶಿ ಹಾಕಿಕೊಳ್ಳುವಂತೆಯೂ ಇಲ್ಲ. ಎನ್‌ಎಫ್‌ಪಿಎ ಅಗ್ನಿಸುರಕ್ಷತಾ ನಿಯಮದಲ್ಲಿ ಮನೆಯೊಳಗೆ ಸಾಮಾನ್ಯವಾಗಿ 20 ಪೌಂಡ್ ಮದ್ದು, 10,000 ಕೇಪು ಮಿತಿ. ನಿಮ್ಮ ಊರಿನ ನಿಯಮ ಇನ್ನೂ ಬಿಗಿ ಇರಬಹುದು, ಕೇಳಿಕೊಳ್ಳಿ.

ಒಂದೇ ಸಾವಿರ ಕೇಪು ಬೇಕಾದರೆ ಆನ್‌ಲೈನ್ ಆಸೆ ಬಿಡಿ. ಅಂಗಡಿಯಲ್ಲಿ 80 ಡಾಲರ್, ಆನ್‌ಲೈನಿನಲ್ಲಿ 65 ಅಂತ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಟೆಕ್ಸಾಸಿನ ತೆರಿಗೆ ಸೇರಿದರೂ 87ರ ಒಳಗೇ ಮುಗಿಯುತ್ತದೆ. ಆನ್‌ಲೈನಿನಲ್ಲಿ ಹಜ್‌ಮ್ಯಾಟು, ಸಾಗಣೆ ಎಲ್ಲ ಸೇರಿ ನೂರರ ಹತ್ತಿರ.

ಹಿತ್ತಾಳೆಗೆ ನಾನು ಹೆಚ್ಚುಕಮ್ಮಿ ದುಡ್ಡೇ ಕೊಟ್ಟಿಲ್ಲ. ರೇಂಜಿನಲ್ಲಿ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ, ನಾನು ಹೊಡೆದದ್ದನ್ನು ನಾನೇ ಎತ್ತಿಕೊಂಡು ಬರುತ್ತೇನೆ. ರಿವಾಲ್ವರಿನ ಸುಖ ಅದು, ಚಿಪ್ಪು ಹಾರಿಹೋಗುವುದಿಲ್ಲ. ಬೇರೆಯವರು ಬಿಟ್ಟುಹೋದದ್ದನ್ನು ಎತ್ತುವ ಮೊದಲು ಕೇಳಿ. ಬಿದ್ದದ್ದೆಲ್ಲ ರೇಂಜಿನದು ಅನ್ನುವ ಕಡೆಗಳೂ ಇವೆ. ಕೆಲವರು ಅದನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ನಾನೊಮ್ಮೆ .45 ಎಸಿಪಿ ಅನ್ನುವ ಬೇರೆ ಅಳತೆಯ ಚಿಪ್ಪು ಒಂದು ಬಕೆಟ್ ಅಗ್ಗಕ್ಕೆ ತಂದೆ. ಕೇಪು ಕೂರಿಸುವಾಗ ಪ್ರೆಸ್ಸು, ಅಂದರೆ ತೋಟೆ ತುಂಬಿಸುವ ಕೈಯಂತ್ರ, ಗಕ್ಕನೆ ನಿಂತಿತು. ಮತ್ತೆ ನಿಂತಿತು. ನೋಡಿದರೆ .45ರಲ್ಲಿ ದೊಡ್ಡ ಕೇಪಿನದೂ ಇದೆ, ಸಣ್ಣ ಕೇಪಿನದೂ ಇದೆ, ಎರಡೂ ಬೆರೆತಿದ್ದವು. ಒಂದು ಭಾನುವಾರ ಪೂರ್ತಿ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸುತ್ತಾ ಕೂತೆ. ಬಾಯಿ ಸೀಳಿದ್ದು, ಅಲ್ಯೂಮಿನಿಯಂ, ಕಬ್ಬಿಣ ಎಲ್ಲ ಗುಜರಿಗೆ ಹೋಯಿತು.

ತೊಳೆಯುವ ವಿಷಯಕ್ಕೆ ಬಂದರೆ, ಅಮ್ಮ ಇಲ್ಲಿಗೆ ಬಂದಿದ್ದಾಗ ನನ್ನ ತಿರುಗುವ ಡ್ರಮ್ಮು ನೋಡಿ ನಕ್ಕರು. "ಹಿತ್ತಾಳೆ ಬೆಳಗೋಕೆ ಮೆಷಿನ್ ಯಾಕೋ? ಹುಣಸೆಹಣ್ಣು ಹಾಕಿ ತಿಕ್ಕು." ಅಮ್ಮ ಹೇಳಿದ್ದು ತಪ್ಪೇನಲ್ಲ, ಹುಳಿಯೇ ಕೆಲಸ ಮಾಡುವುದು. ನಾನು ಹಾಕುವುದು ಇಂಡಿಯನ್ ಸ್ಟೋರಿನ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್), ಅರ್ಧ ಚಮಚ. ಜೊತೆಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು. ಇದಕ್ಕೆ ಅಂತ ಮಾರುವ ದುಬಾರಿ ದ್ರಾವಣ ಒಂದು ಸಲವೂ ಕೊಂಡಿಲ್ಲ. ಅಮೋನಿಯಾ ಇರುವ ಪಾಲಿಶ್ ಮಾತ್ರ ಬೇಡ, ಹಿತ್ತಾಳೆ ಪೆಡಸಾಗಿ ಬಿರುಕು ಬಿಡುತ್ತದೆ. ಹೊಡೆದ ಚಿಪ್ಪಿನ ಮಸಿಯಲ್ಲಿ ಸೀಸ ಇರುತ್ತದೆ. ಅದರ ಪಾತ್ರೆ, ಚಮಚ ಎಲ್ಲ ಬೇರೆ, ಅಡುಗೆಮನೆಯೊಳಗೆ ಬರುವಂತಿಲ್ಲ. ಇದೇ ಕಾರಣಕ್ಕೆ ಸೀಸ ಕರಗಿಸಿ ಗುಂಡು ಎರಕ ಹೊಯ್ಯುವ ಗೋಜಿಗೆ ನಾನು ಹೋಗಿಲ್ಲ. ಮನೆಯಲ್ಲಿ ಸಣ್ಣ ಮಗು ಇದೆ. ಬಣ್ಣದ ಲೇಪ ಇರುವ ಸೀಸದ ಗುಂಡು ತಾಮ್ರದ ಕವಚದ ಗುಂಡಿಗಿಂತ ಅಗ್ಗ. ಅದನ್ನೇ ತರಿಸುತ್ತೇನೆ.

ಪ್ರೆಸ್ಸು ಸಿಕ್ಕಿದ್ದು ಒಂದು ಎಸ್ಟೇಟ್ ಸೇಲಿನಲ್ಲಿ. ಇಲ್ಲಿ ಯಾರಾದರೂ ತೀರಿಕೊಂಡರೆ ಮನೆಯ ಸಾಮಾನನ್ನೆಲ್ಲ ಹೀಗೆ ಮಾರುತ್ತಾರೆ. ಆ ಯಜಮಾನರು ನಲವತ್ತು ವರ್ಷ ತೋಟೆ ತುಂಬಿಸಿದವರಂತೆ. ಹಸಿರು ಬಣ್ಣದ ಆರ್‌ಸಿಬಿಎಸ್ ಕಂಪನಿಯ ಪ್ರೆಸ್ಸು, ಎರಕದ ಕಬ್ಬಿಣ, ನಮ್ಮ ಶ್ಯಾವಿಗೆ ಒರಳಿನ ತಮ್ಮನ ಹಾಗೆ. ಇನ್ನು ಐವತ್ತು ವರ್ಷಕ್ಕೂ ಏನೂ ಆಗುವುದಿಲ್ಲ. ಜೊತೆಗೆ ಕಾರ್ಬೈಡ್ ಡೈಗಳು, ಅಂದರೆ ಚಿಪ್ಪನ್ನು ಮತ್ತೆ ಸರಿ ಅಳತೆಗೆ ತರುವ ಗಟ್ಟಿ ಅಚ್ಚುಗಳು. ಇವಿದ್ದರೆ .38ರ ಚಿಪ್ಪಿಗೆ ಎಣ್ಣೆ ಹಚ್ಚುವ ಕೆಲಸವೂ ಇಲ್ಲ. ಎಲ್ಲ ಸೇರಿ 60 ಡಾಲರ್. ಅಲ್ಲೇ ಅರ್ಧ ಖಾಲಿಯಾದ ಮದ್ದಿನ ಡಬ್ಬಿಗಳೂ ಇದ್ದವು. ಬಿಟ್ಟಿ ಕೊಡುತ್ತೇವೆ ಅಂದರು, ಬೇಡ ಅಂದೆ. ಡಬ್ಬಿ ಯಾವುದೋ, ಒಳಗಿನ ಮದ್ದು ಯಾವುದೋ, ಯಾರಿಗೆ ಗೊತ್ತು?

ಜಿಪುಣತನ ಮಾಡದ ಇನ್ನೆರಡು ಸಾಮಾನು ತಕ್ಕಡಿ, ಮತ್ತೆ ಯಾವ ಗುಂಡಿಗೆ ಯಾವ ಮದ್ದು ಎಷ್ಟು ಅಂತ ಹೇಳುವ ಕೈಪಿಡಿ. ಎರಡನ್ನೂ ಹೊಸದಾಗಿ ಕೊಂಡೆ. ಮದ್ದನ್ನು ಗ್ರೇನಿನಲ್ಲಿ ತೂಗುತ್ತಾರೆ, ಒಂದು ಪೌಂಡಿಗೆ 7000 ಗ್ರೇನ್. ಲೆಕ್ಕಕ್ಕೆ ಒಂದು ತೋಟೆಗೆ 4 ಗ್ರೇನ್ ಅಂದುಕೊಂಡರೆ ಅದು ಹತ್ತಿರ ಹತ್ತಿರ ಎರಡು ಗುಲಗಂಜಿ ತೂಕ. .38ರ ಚಿಪ್ಪು ಮುಕ್ಕಾಲು ಪಾಲು ಖಾಲಿಯೇ ಇರುತ್ತದೆ. ಮರೆತು ಎರಡು ಸಲ ಸುರಿದರೂ ಹಿಡಿಸುತ್ತದೆ. ಹಾಗಾದರೆ ರಿವಾಲ್ವರ್ ಕೈಯಲ್ಲೇ ಒಡೆಯಬಹುದು. ಅದಕ್ಕೇ ಐವತ್ತು ಚಿಪ್ಪನ್ನು ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಇಡುವ ಮೊದಲು ಒಂದೊಂದರೊಳಗೂ ಟಾರ್ಚ್ ಬಿಟ್ಟು ನೋಡುತ್ತೇನೆ. ಆ ಹೊತ್ತಿನಲ್ಲಿ ಫೋನ್ ಬಂದರೆ ಎತ್ತುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಕೈಪಿಡಿಯಲ್ಲಿ ಇಲ್ಲದ ಮದ್ದು ಹಾಕುವುದೂ ಇಲ್ಲ.

ಪೌಂಡಿಗೆ 36 ಡಾಲರ್ ಅಂತ ಇಟ್ಟುಕೊಂಡರೆ ಮದ್ದು ತೋಟೆಗೆ ಎರಡು ಸೆಂಟ್. ಕೇಪು ಏಳು, ಗುಂಡು ಹನ್ನೊಂದು. ಒಟ್ಟು 20 ಸೆಂಟ್. ಅದೇ .38 ಅಂಗಡಿಯಲ್ಲಿ ನನಗೆ ಬೀಳುತ್ತಿದ್ದದ್ದು 48. ಅದೇ 9 ಎಂಎಂ ಆದರೆ ಅಂಗಡಿಯದೇ 25 ಸೆಂಟಿನ ಆಸುಪಾಸು ಸಿಗುತ್ತದೆ. ಅದನ್ನು ತುಂಬಿಸುತ್ತಾ ಕೂರುವುದು ನನಗಂತೂ ಸುಮ್ನೆ ಹೊತ್ತು ಹಾಳು. ಮಂಡ್ಯದ ಗೆಳೆಯ ಒಪ್ಪುವುದಿಲ್ಲ. ಅವನ ಹತ್ತಿರ 9 ಎಂಎಂ ಚಿಪ್ಪು ಎರಡು ಗೋಣಿ ಇವೆ. ಈ ಸಲದ ಆರ್ಡರಿನಲ್ಲಿ ಅವನದೇ ಐದು ಸಾವಿರ ಕೇಪು.