412 ದಿನ ತಡವಾದ ಕ್ರಿಮಿನಲ್ ಅಪೀಲು: ವಿಳಂಬ ಮನ್ನಾ ಆದ ಬಗೆ

ಸೆಷನ್ಸ್ ಕೋರ್ಟಿನಲ್ಲಿ 10 ವರ್ಷ ಸಜೆ, ಕಕ್ಷಿದಾರ ಜೈಲಿನಲ್ಲಿ, ಹೈಕೋರ್ಟಿಗೆ ಅಪೀಲು ಹೋಗುವ 60 ದಿನದ ಗಡುವು ಎಂದೋ ಮುಗಿದಿತ್ತು. ವರ್ಷ ಮೀರಿ ತಡವಾದ ಅಪೀಲು ನಿಲ್ಲುವುದಿಲ್ಲ ಎಂದೇ ವಕೀಲರಲ್ಲಿ ಎಲ್ಲರ ಮಾತು. ನಿಂತಿತು.

ಮೊದಲು ಎಡವಿದ್ದು ಲೆಕ್ಕದಲ್ಲಿ. ತೀರ್ಪಿನಿಂದ ಫೈಲಿಂಗ್‌ವರೆಗೆ 490 ದಿನ. 60 ಕಳೆದು 430 ಎಂದು ಬರೆದಿದ್ದೆ. ತೀರ್ಪಿನ ದೃಢೀಕೃತ ನಕಲು ಸಿದ್ಧವಾಗಲು ಹಿಡಿದ 18 ದಿನವನ್ನು ಲಿಮಿಟೇಶನ್ (ಕಾಲಮಿತಿ) ಕಾಯ್ದೆಯ ಕಲಂ 12ರಡಿ ಕಳೆಯಬೇಕಿತ್ತು. ಹೈಕೋರ್ಟ್ ಕಚೇರಿಯಿಂದ ಆಕ್ಷೇಪ (ಆಫೀಸ್ ಆಬ್ಜೆಕ್ಷನ್) ಬಂತು. ಮತ್ತೆ ಟೈಪು, ಮತ್ತೆ ನೋಟರಿ. ನಕಲಿನ ಮುದ್ರೆಯಲ್ಲಿರುವ ಅರ್ಜಿಯ ದಿನ, ಸಿದ್ಧವಾದ ದಿನ, ಇವೆರಡನ್ನೇ ಹಿಡಿಯಿರಿ. ಮನೆಯವರು ಬಂದು ತೆಗೆದುಕೊಂಡ ದಿನ ಲೆಕ್ಕಕ್ಕಿಲ್ಲ.

ಎರಡನೆಯದು ವಿಳಂಬಕ್ಕೆ ಕಾರಣ ಹೇಳುವ ಅಫಿಡವಿಟ್. ಬಡತನ, ಅನಾರೋಗ್ಯ, ಅರಿವಿಲ್ಲ ಎಂಬ ಮೂರು ಸಾಲಿಗೆ ಪೀಠ ಒಪ್ಪದೆ ವಿವರವಾದದ್ದನ್ನು ಕೇಳಿತು. ಆಗ 412 ದಿನವನ್ನು ಐದು ತುಂಡು ಮಾಡಿದೆ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕಡತ ಯಾರ ಕೈಲಿತ್ತು, ಏಕೆ ನಿಂತಿತು, ಅದಕ್ಕೆ ಕಾಗದ ಯಾವುದು. ಕಾಗದವಿಲ್ಲದ ತುಂಡಿಗೆ ಹೆಂಡತಿಯ ಪ್ರತ್ಯೇಕ ಅಫಿಡವಿಟ್. ಹಿಂದಿನ ವಕೀಲರನ್ನು ಒಂದು ಮಾತೂ ದೂರಲಿಲ್ಲ; ದೂರಿದರೆ ವಾದ ಆ ಕಡೆಗೇ ಎಳೆದುಕೊಂಡು ಹೋಗುತ್ತದೆ.

ಕೇಸನ್ನು ಎತ್ತಿ ನಿಲ್ಲಿಸಿದ್ದು ಜೈಲಿನ ರವಾನೆ ವಹಿಯ (ಹೊರಹೋಗುವ ಕಾಗದಗಳ ದಾಖಲೆ) ಒಂದು ಸಾಲು. ತೀರ್ಪಾದ ಏಳನೇ ತಿಂಗಳಲ್ಲಿ ಕಕ್ಷಿದಾರ ಅಪೀಲಿಗೆಂದು ಕೊಟ್ಟ ಅರ್ಜಿಯ ನಮೂದು ಅದು. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಕಲಂ 383, ಅದರ ಬದಲು ಬಂದ ಈಗಿನ ಬಿಎನ್‌ಎಸ್‌ಎಸ್‌ನ ಕಲಂ 424ರ ಪ್ರಕಾರ ಕೈದಿ ಜೈಲು ಅಧಿಕಾರಿಗೇ ಅಪೀಲು ಕೊಡಬಹುದು, ಮುಂದಕ್ಕೆ ಕಳಿಸುವುದು ಅವರ ಹೊಣೆ. ಆ ಪುಟ ಸಿಕ್ಕಿದ್ದು 10 ರೂಪಾಯಿಯ ಆರ್‌ಟಿಐ ಅರ್ಜಿಯಿಂದ. ವ್ಯಕ್ತಿಯ ಸ್ವಾತಂತ್ರ್ಯದ ವಿಷಯವಾದ್ದರಿಂದ 48 ಗಂಟೆಯೊಳಗೆ ಉತ್ತರ ಕೊಡಬೇಕೆಂಬ ನಿಯಮ ಕಾಣಿಸಿದ್ದೆ. ಬರಲು ಎರಡು ವಾರ ಹಿಡಿಯಿತು. ಆದರೂ ಸಾಮಾನ್ಯ ಅರ್ಜಿಯ 30 ದಿನದ ಗಡುವಿಗಿಂತ ವಾಸಿ. ಯಾವ ವಹಿ, ಯಾವ ತಿಂಗಳು ಎಂದು ಹೆಸರಿಸಿಯೇ ಕೇಳಿ. ಪ್ರಶ್ನೆಯ ಪೂರ್ತಿ ಒಕ್ಕಣೆ ಇಲ್ಲಿ ಕೊಡುವುದಿಲ್ಲ, ಇನ್ನೆರಡು ಕೇಸಿಗೆ ಬೇಕು.

ಖರ್ಚು ನಾಲ್ಕು ಸಾವಿರದೊಳಗೆ. ಅರ್ಧಕ್ಕಿಂತ ಹೆಚ್ಚು ಎರಡನೇ ಸಲದ ಟೈಪು, ಜೆರಾಕ್ಸಿಗೇ ಹೋಯಿತು. ಫೀಸು ಕೊಡಲಾಗದ ಕೈದಿಗೆ ಆದಾಯದ ಮಿತಿ ನೋಡದೆ ಕಾನೂನು ನೆರವು ಸಿಗುತ್ತದೆ. ಅದನ್ನು ಮೊದಲ ದಿನವೇ ಹೇಳಿ.

ಅಪೀಲು ಮುಗಿಯುವವರೆಗೆ ಸಜೆ ಅಮಾನತಿನಲ್ಲಿಡಲು ಕೋರುವ ಮಧ್ಯಂತರ ಅರ್ಜಿಯನ್ನೂ (ಐಎ) ಜೊತೆಗೇ ಹಾಕಿದ್ದೆ. ವಿಳಂಬ ಮನ್ನಾ ಆಗುವವರೆಗೆ ಪೀಠ ಅದನ್ನು ಮುಟ್ಟಲಿಲ್ಲ. ಆದ ಮೇಲೆ ಹೊಸ ಫೈಲಿಂಗ್ ಇಲ್ಲದೆ ಮುಂದಿನ ದಿನಾಂಕಕ್ಕೇ ವಿಚಾರಣೆಗೆ ಬಂತು.