ಲ್ಯಾಬಿನ ಸಿಸ್ಟಮ್ ಮುಂದೆ ಕೂರುವ ಮುಂಚೆ, ಎದ್ದು ಹೋಗುವ ಮುಂಚೆ

ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಒಂದೇ ಸಿಸ್ಟಮ್ ಮುಂದೆ ದಿನಕ್ಕೆ ಎರಡು ಮೂರು ಬ್ಯಾಚಿನವರು ಕೂತು ಏಳುತ್ತಾರೆ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ‘ಮಾಡಬಾರದು’ ಅಂತ ಇರುತ್ತದೆಯೇ ಹೊರತು ಯಾಕೆ ಅಂತ ಇರುವುದಿಲ್ಲ. ಯಾಕೆ ಅಂತ ತಿಳಿದರೆ ಅರ್ಧ ನಿಯಮಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಲಾಗ್ ಬುಕ್. ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಟ್ಟ ನಿಮ್ಮ ನಂಬರ್), ಸಿಸ್ಟಮ್ ನಂಬರ್, ಬಂದ ಹೊತ್ತು, ಹೋದ ಹೊತ್ತು ಬರೆಯಿರಿ. ಆಮೇಲೆ ಮೌಸ್ ಕಾಣೆಯಾದರೆ, ಆ ಸಿಸ್ಟಮ್‌ನಿಂದ ಯಾರೋ ಏನೋ ಕಿತಾಪತಿ ಮಾಡಿದ್ದರೆ, ಮೊದಲು ಕರೆಸುವುದು ಆ ಹೊತ್ತಿನ ಸಾಲಿನಲ್ಲಿ ಹೆಸರಿದ್ದವರನ್ನೇ. ಆದ್ದರಿಂದ ಸಹಿ ಹಾಕುವ ಮುಂಚೆ ಮೌಸ್, ಕೀಬೋರ್ಡ್, ಲ್ಯಾನ್ ಕೇಬಲ್ ಜಾಗದಲ್ಲಿವೆಯೇ ನೋಡಿಕೊಳ್ಳಿ. ಹಿಂದಿನವರ ಲಾಗಿನ್ ತೆರೆದೇ ಇದ್ದರೆ ಅದರಲ್ಲೇ ಕೆಲಸ ಶುರು ಮಾಡಬೇಡಿ, ಲಾಗೌಟ್ ಮಾಡಿ ನಿಮ್ಮದರಲ್ಲಿ ಬನ್ನಿ. ಗೆಳೆಯನ ಪಾಸ್‌ವರ್ಡ್ ಬಳಸುವುದೂ ತಮಾಷೆಯಲ್ಲ: ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 2000ದ ಐಟಿ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.

ಚಪ್ಪಲಿ ಹೊರಗೆ ಬಿಡುವುದು ಧೂಳಿಗಾಗಿ. ಸಿಪಿಯು ಫ್ಯಾನಿಗೆ ಧೂಳು ಕಟ್ಟಿದರೆ ಬಿಸಿ ಹೊರಗೆ ಹೋಗದೆ ಸಿಸ್ಟಮ್ ನಿಧಾನವಾಗುತ್ತದೆ. (ಸಾಕ್ಸ್ ವಾಸನೆಗೆ ಯಾವ ನಿಯಮವೂ ಇಲ್ಲ, ಇರಬೇಕಿತ್ತು.)

ಫೈಲ್ ಉಳಿಯುವುದು ಎಲ್ಲಿ?

ಲ್ಯಾಬಿನಲ್ಲಿ ಅತಿ ಹೆಚ್ಚು ಕಣ್ಣೀರು ಹಾಕಿಸುವುದು ಇದೇ. ಅನೇಕ ಲ್ಯಾಬುಗಳ ವಿಂಡೋಸ್ ಸಿಸ್ಟಮ್‌ಗಳಲ್ಲಿ ಡೀಪ್ ಫ್ರೀಝ್ ಎಂಬ ಸಾಫ್ಟ್‌ವೇರ್ ಹಾಕಿರುತ್ತಾರೆ. ಅದಿದ್ದಲ್ಲಿ ರೀಸ್ಟಾರ್ಟ್ ಆದ ಕೂಡಲೇ ಸಿ ಡ್ರೈವ್ ಮೊದಲಿದ್ದ ಸ್ಥಿತಿಗೆ ಮರಳುತ್ತದೆ. ಡೆಸ್ಕ್‌ಟಾಪ್ ಮೇಲಿಟ್ಟ ರೆಕಾರ್ಡ್ ಬರಹವೂ ಹೋಯಿತು, ವೈರಸ್ಸೂ ಹೋಯಿತು. ಹಾಗಾಗಿ ಡಿ ಡ್ರೈವಿನಲ್ಲೋ ಸರ್ವರ್ ಫೋಲ್ಡರಿನಲ್ಲೋ ಉಳಿಸಿ. ಯಾವುದು ಅಂತ ಮೊದಲ ದಿನವೇ ಇನ್‌ಸ್ಟ್ರಕ್ಟರನ್ನು ಕೇಳಿಟ್ಟುಕೊಳ್ಳಿ.

ಸಿ ಪ್ರೋಗ್ರಾಂ ಬರೆಯುವ ಹಳೆಯ ಸಾಫ್ಟ್‌ವೇರ್ ಟರ್ಬೊ ಸಿ ಇನ್ನೂ ಇರುವ ಲ್ಯಾಬಿನಲ್ಲಿ ಇನ್ನೊಂದು ಪೇಚು. ಹೆಸರು ಕೊಡದೆ ಎಫ್2 ಒತ್ತಿ ಎಂಟರ್ ಹೊಡೆದರೆ ಫೈಲ್ ‘ನೋನೇಮ್00’ ಎಂಬ ಹೆಸರಿನಲ್ಲಿ ಟರ್ಬೊ ಸಿಯದೇ ‘ಬಿನ್’ ಫೋಲ್ಡರಿಗೆ ಹೋಗಿ ಬೀಳುತ್ತದೆ. ಎಲ್ಲರದ್ದೂ ಅಲ್ಲೇ. ಹೆಸರಿಗೆ ಎಂಟೇ ಅಕ್ಷರ ಹಿಡಿಸುವುದರಿಂದ ಯುಎಸ್‌ಎನ್‌ನ ಕೊನೆಯ ಮೂರಂಕಿ, ಆಮೇಲೆ ಪ್ರೋಗ್ರಾಂ ನಂಬರ್ ಇಡಿ: ‘042ಪಿ3’ ಥರ. ‘ಲ್ಯಾಬ್1’ ಅಂತ ಇಟ್ಟರೆ ಮುಂದಿನ ಬ್ಯಾಚಿನವರು ಅದನ್ನೇ ತೆರೆದು, ತಿದ್ದಿ, ಸೇವ್ ಮಾಡಿ ಹೋಗುತ್ತಾರೆ.

ವಿಂಡೋಸ್ ಬದಲು ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಲ್ಯಾಬಿನಲ್ಲಿ ಪಾಸ್‌ವರ್ಡ್ ಸರಿಯಿದ್ದರೂ ಪರದೆ ಒಮ್ಮೆ ಮಿಂಚಿ ಮತ್ತೆ ಲಾಗಿನ್‌ಗೇ ಬಂದು ನಿಂತರೆ, ಡಿಸ್ಕಿನಲ್ಲಿ ನಿಮ್ಮ ಪಾಲಿಗೆ ಕೊಟ್ಟ ಜಾಗ ತುಂಬಿದೆಯೇ ಅಂತ ಮೊದಲು ಅನುಮಾನಿಸಿ. ಡೆಸ್ಕ್‌ಟಾಪ್ ತೆರೆಯುವಾಗ ಬರೆಯಬೇಕಾದ ಪುಟ್ಟ ಫೈಲಿಗೂ ಎಡೆ ಸಿಕ್ಕಿರುವುದಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಲಾಗಿನ್ ಆಗಿ, ಡೌನ್‌ಲೋಡ್ಸ್ ಫೋಲ್ಡರಿನ ದೊಡ್ಡ ಫೈಲುಗಳನ್ನು ಅಳಿಸಿ. ಆಮೇಲೆ ಕಂಟ್ರೋಲ್, ಆಲ್ಟ್, ಎಫ್1 ಒತ್ತಿ ಮತ್ತೆ ಪ್ರಯತ್ನಿಸಿ.

ಪೆನ್ ಡ್ರೈವ್

ತೆರೆದಾಗ ಫೋಲ್ಡರುಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಂಡರೆ ಅದು ಶಾರ್ಟ್‌ಕಟ್ ವೈರಸ್. ಡಬಲ್ ಕ್ಲಿಕ್ ಮಾಡಿದರೆ ಈ ಸಿಸ್ಟಮ್‌ಗೂ ನೀವೇ ಕೈಯಾರೆ ಅಂಟಿಸಿದಂತೆ. ಸಾಮಾನ್ಯವಾಗಿ ಅಸಲಿ ಫೋಲ್ಡರ್ ಅಳಿದಿರುವುದಿಲ್ಲ, ಬಚ್ಚಿಟ್ಟಿರುತ್ತದೆ ಅಷ್ಟೆ. ಉಬುಂಟು ಸಿಸ್ಟಮ್‌ಗೆ ಹಾಕಿ: ವಿಂಡೋಸಿನ ಬಚ್ಚಿಡುವ ಗುರುತಿಗೆ ಅದು ಸೊಪ್ಪು ಹಾಕುವುದಿಲ್ಲ. ನಿಮ್ಮ ದಾಖಲೆಗಳನ್ನಷ್ಟೇ ಎತ್ತಿಕೊಂಡು ಪೆನ್ ಡ್ರೈವನ್ನು ಫಾರ್ಮ್ಯಾಟ್ ಮಾಡಿ. ಶಾರ್ಟ್‌ಕಟ್‌ಗಳನ್ನು ಕಾಪಿ ಮಾಡಬೇಡಿ.

ಕೀಳುವಾಗಲೂ ಅವಸರ ಬೇಡ. ಕಾಪಿ ಎಷ್ಟಾಯಿತೆಂದು ತೋರಿಸುವ ಪಟ್ಟಿ ತುಂಬಿ ಮಾಯವಾದರೂ ಕೊನೆಯ ಭಾಗ ಇನ್ನೂ ಮೆಮರಿಯಲ್ಲೇ ಇರಬಹುದು. ಎಜೆಕ್ಟ್ ಕೊಡದೆ ಕಿತ್ತರೆ ಮನೆಯಲ್ಲಿ ಖಾಲಿ ಫೈಲ್ ತೆರೆದುಕೊಳ್ಳಬಹುದು.

ಪ್ರೋಗ್ರಾಂ ಓಡುತ್ತಲೇ ಇದ್ದರೆ

ಟರ್ಮಿನಲ್‌ನಲ್ಲಿ ನಿಲ್ಲಿಸಲು ಕಂಟ್ರೋಲ್-ಸಿ. ಕಂಟ್ರೋಲ್-ಝಡ್ ಒತ್ತಿದರೂ ನಿಂತಂತೆ ಕಾಣುತ್ತದೆ, ಆದರೆ ಅದು ತಾತ್ಕಾಲಿಕ ತಡೆ ಮಾತ್ರ. ನೆಟ್‌ವರ್ಕ್ ಲ್ಯಾಬಿನ ಸಾಕೆಟ್ ಪ್ರೋಗ್ರಾಮಿನಲ್ಲಿ ಸರ್ವರನ್ನು ಹೀಗೆ ನಿಲ್ಲಿಸಿ ಮತ್ತೆ ಓಡಿಸಿದರೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅನ್ನುತ್ತದೆ, ಹಳೆಯದು ಪೋರ್ಟನ್ನು (ಸರ್ವರ್ ಬಳಸುವ ಬಾಗಿಲಿನಂಥ ನಂಬರ್) ಹಿಡಿದೇ ಕೂತಿರುತ್ತದೆ. ಎಫ್‌ಜಿ ಅಂತ ಟೈಪಿಸಿ ಎಂಟರ್ ಒತ್ತಿದರೆ ತಡೆದದ್ದು ಮತ್ತೆ ಮುಂದೆ ಬರುತ್ತದೆ, ಆಮೇಲೆ ಕಂಟ್ರೋಲ್-ಸಿ.

ಪ್ರಿಂಟ್

ಪ್ರಿಂಟರ್ ಸುಮ್ಮನಿದೆ ಅಂತ ಐದು ಸಲ ಪ್ರಿಂಟ್ ಒತ್ತಬೇಡಿ, ಐದು ಪ್ರತಿಯೂ ಸಾಲಿನಲ್ಲಿ ಕಾಯುತ್ತಿರುತ್ತವೆ. ಟ್ರೇಯಲ್ಲಿ ಎ4 ಇದ್ದು ಫೈಲಿನ ಅಳತೆ ‘ಲೆಟರ್’ ಆಗಿದ್ದರೆ ಎಷ್ಟೋ ಪ್ರಿಂಟರ್‌ಗಳು ಆ ಹಾಳೆಗಾಗಿ ಕಾಯುತ್ತಾ ನಿಲ್ಲುತ್ತವೆ, ಸಾಲಿನಲ್ಲಿ ನಿಮ್ಮ ಹಿಂದೆ ಇರುವವರದ್ದೂ ನಿಲ್ಲುತ್ತದೆ. ಪ್ರಿಂಟರ್ ಐಕಾನ್ ತೆರೆದು ನಿಮ್ಮದನ್ನು ರದ್ದು ಮಾಡಿ, ಅಳತೆ ಎ4 ಮಾಡಿ, ಮತ್ತೆ ಕಳಿಸಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇಲ್ಲದ ಸಿಸ್ಟಮ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಮನೆಯಿಂದಲೇ ಪಿಡಿಎಫ್ ಮಾಡಿ ತನ್ನಿ.

ಯುಪಿಎಸ್ ಬೀಪ್ ಅಂದರೆ ಸಾಮಾನ್ಯವಾಗಿ ಕರೆಂಟ್ ಹೋಗಿದೆ ಎಂದರ್ಥ. ಆಗ ಹೊಸ ಕೆಲಸ ಶುರು ಮಾಡದೆ ಸೇವ್ ಮಾಡಿ, ಶಟ್‌ಡೌನ್ ಕೊಡಿ. ಲೇಸರ್ ಪ್ರಿಂಟರನ್ನು ಯುಪಿಎಸ್ ಸಾಕೆಟ್ಟಿಗೆ ಎಂದೂ ಹಾಕಬೇಡಿ, ಅದರೊಳಗಿನ ಹೀಟರ್ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ಟ್ರಿಪ್ ಆಗುತ್ತದೆ.

ಏಳುವಾಗ

ಬ್ರೌಸರಿನ ಕಿಟಕಿ ಮುಚ್ಚಿದರೆ ಜಿಮೇಲ್ ಲಾಗೌಟ್ ಆಗುವುದಿಲ್ಲ. ಮೊದಲಿನಿಂದಲೇ ಕಂಟ್ರೋಲ್-ಶಿಫ್ಟ್-ಎನ್ ಒತ್ತಿ ಕ್ರೋಮಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಕೆಲಸ ಮಾಡಿ, ಏಳುವಾಗ ಅಂಥ ಕಿಟಕಿಗಳನ್ನೆಲ್ಲ ಮುಚ್ಚಿ. ‘ಸಿಂಕ್ ಆನ್ ಮಾಡಲೇ’ ಅಂತ ಕ್ರೋಮ್ ಕೇಳಿದರೆ ಬೇಡ ಅನ್ನಿ. ಒಪ್ಪಿದರೆ ನಿಮ್ಮ ಖಾತೆಯಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೂ ಈ ಸಿಸ್ಟಮ್‌ಗೆ ಇಳಿಯುತ್ತವೆ. ವಾಟ್ಸಾಪ್ ವೆಬ್ ಬಿಟ್ಟು ಬಂದಿದ್ದರೆ ಓಡಿ ವಾಪಸ್ ಹೋಗಬೇಕಾಗಿಲ್ಲ, ಮೊಬೈಲಿನ ‘ಲಿಂಕ್ಡ್ ಡಿವೈಸಸ್’ನಲ್ಲಿ ಆ ಸಿಸ್ಟಮ್ ಮೇಲೆ ಒತ್ತಿ ಲಾಗೌಟ್ ಕೊಡಿ.

ಏನಾದರೂ ಕೆಟ್ಟಿದ್ದರೆ ಕಂಪ್ಲೇಂಟ್ ಬುಕ್ಕಿನಲ್ಲಿ ‘ಸಿಸ್ಟಮ್ ವರ್ಕ್ ಆಗ್ತಿಲ್ಲ’ ಅಂತಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಸಿಸ್ಟಮ್ 23, ಪವರ್ ಲೈಟ್ ಹತ್ತುತ್ತದೆ, ಮಾನಿಟರ್ ಕಪ್ಪು, ಮೂರು ಬೀಪ್ ಶಬ್ದ’ ಅಂತ ಬರೆಯಿರಿ. ಬೀಪ್ ಎಣಿಕೆ ನೋಡಿಯೇ ರ‍್ಯಾಮ್ ಅಲುಗಿದೆಯೋ ಬೇರೇನೋ ಎಂದು ಊಹಿಸಿ, ರಿಪೇರಿಯವರು ಬೇಕಾದ ಸಾಮಾನು ಹಿಡಿದೇ ಬರುತ್ತಾರೆ.