ಮರೆಯಲ್ಲಿ ನಿಂತು ಕೇಳಿದ ಮಾತು

ನಮ್ಮ ಸಭೆಯಲ್ಲಿ ಸತ್ಯವೇದ (ಬೈಬಲ್) ಪಾಠ ಮಾಡಲು ಶುರು ಮಾಡಿದಾಗ ಅದರ ಮೊದಲ ಪುಸ್ತಕ ಆದಿಕಾಂಡದ 27ನೇ ಅಧ್ಯಾಯ ನನಗೆ ಚೆನ್ನಾಗಿ ಗೊತ್ತು ಅಂದುಕೊಂಡಿದ್ದೆ. ಅಣ್ಣ ಏಸಾವನಿಗೆ ಸಿಗಬೇಕಿದ್ದ ಆಶೀರ್ವಾದಕ್ಕಾಗಿ ಯಾಕೋಬ ಮೋಸ ಮಾಡಿದ, ಕಣ್ಣು ಮಬ್ಬಾಗಿದ್ದ ಅಪ್ಪ ಇಸಾಕ ಮೋಸ ಹೋದ, ಅಷ್ಟೇ ಅಲ್ವಾ? ಒಂದು ವಾರ ತಯಾರಿ ಮಾಡುವಾಗ 5ನೇ ವಚನ ನನ್ನನ್ನು ಹಿಡಿದು ನಿಲ್ಲಿಸಿತು. ಇಸಾಕ ಏಸಾವನ ಜೊತೆ ಮಾತಾಡುತ್ತಿದ್ದಾನೆ, ಅವನ ಹೆಂಡತಿ ರೆಬೆಕ್ಕ ಕೇಳಿಸಿಕೊಳ್ಳುತ್ತಿದ್ದಾಳೆ. ಸರಿ, ಕೇಳಿದ್ದನ್ನೇ ಅವಳು ಯಾಕೋಬನಿಗೆ ಹೇಳಿದಳಾ?

ಒಂದು ಹಾಳೆಯ ಮಧ್ಯೆ ಗೆರೆ ಎಳೆದೆ. ಎಡಗಡೆ ಇಸಾಕ ಆಡಿದ ಮಾತು, ಬಲಗಡೆ ರೆಬೆಕ್ಕ ಮಗನಿಗೆ ಮುಟ್ಟಿಸಿದ ಮಾತು. ಬಿಲ್ಲು ಬತ್ತಳಿಕೆ ತಗೊಂಡು ಬೇಟೆಗೆ ಹೋಗು, ಅದರ ಅಡುಗೆ ಉಂಡು ನಿನ್ನನ್ನು ಆಶೀರ್ವದಿಸುತ್ತೇನೆ ಅಂತ ಇಸಾಕ ಏಸಾವನಿಗೆ ಹೇಳಿದ್ದ. ಬಲಗಡೆ ಬಿಲ್ಲೂ ಇಲ್ಲ, ಬತ್ತಳಿಕೆಯೂ ಇಲ್ಲ. ಅದರ ಬದಲು ಇಸಾಕ ಆಡದೇ ಇದ್ದ ಒಂದು ಮಾತು ಬಂದು ಕೂತಿದೆ: 'ಯೆಹೋವನ ಮುಂದೆ' ಆಶೀರ್ವದಿಸುತ್ತೇನೆ. ಮನೆಯಲ್ಲೇ ಇರುವ ಯಾಕೋಬನಿಗೆ ಬಿಲ್ಲಿನ ಸುದ್ದಿ ಯಾಕೆ? ಆದರೆ ಆ ಆಶೀರ್ವಾದ ಎಷ್ಟು ದೊಡ್ಡದು ಅಂತ ಅವನಿಗೆ ನಾಟಬೇಕು. ತಾಯಿಯ ಅವಸರ, ಜಾಣತನ, ಆಸೆ ಎಲ್ಲವೂ ಆ ಎರಡು ಪದಗಳಲ್ಲಿ ಸಿಕ್ಕಿತು ನನಗೆ.

ಆಮೇಲೆ ಇದೇ ನನ್ನ ಓದುವ ರೀತಿ ಆಯಿತು. ಮುಪ್ಪಿನಲ್ಲಿ ಮಗ ಹುಟ್ಟುತ್ತಾನೆ ಅನ್ನೋದನ್ನು ಗುಡಾರದ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ನಕ್ಕ ಇಸಾಕನ ತಾಯಿ ಸಾರಳು, ರಾತ್ರಿ ಮಿದ್ಯಾನ್ಯರ ಪಾಳೆಯಕ್ಕೆ ಇಳಿದು ಹೋಗಿ ಶತ್ರುವಿನ ಕನಸನ್ನು ಕೇಳಿಸಿಕೊಂಡ ಇಸ್ರಾಯೇಲ್ಯರ ನಾಯಕ ಗಿದ್ಯೋನ. ಗೆಲುವು ನಿನ್ನದೇ ಅಂತ ದೇವರೇ ಮಾತು ಕೊಟ್ಟರೂ ಹೋಗದ ಅವನ ಭಯ, ಒಂದು ಜವೆಗೋದಿ ರೊಟ್ಟಿ ಉರುಳಿ ಬಂದು ಗುಡಾರ ಕೆಡವಿದ ಹಾಗೆ ಕನಸು ಬಿತ್ತು ಅಂತ ಯಾರೋ ಸೈನಿಕ ಹೇಳಿದ್ದಕ್ಕೆ ಹೋಯಿತು ನೋಡಿ.

ಆದರೆ ನಾನು ಜಾಸ್ತಿ ಹೊತ್ತು ಕೂತದ್ದು ಯಾಕೋಬನ ಮಗ ಯೋಸೇಫನ ಹತ್ತಿರ. ಅಣ್ಣಂದಿರ ದ್ವೇಷಕ್ಕೆ ಸಿಕ್ಕಿ ಐಗುಪ್ತಕ್ಕೆ (ಈಜಿಪ್ಟ್) ಮಾರಾಟವಾದ ಅವನು ಈಗ ಅಲ್ಲಿ ಅಧಿಕಾರಿ; ಅಣ್ಣಂದಿರಿಗೆ ಅವನ ಗುರುತು ಸಿಕ್ಕಿಲ್ಲ. ಐಗುಪ್ತದಲ್ಲಿ ಅವನ ಮುಂದೆ ನಿಂತ ಅಣ್ಣಂದಿರು ತಮ್ಮ ಭಾಷೆಯಲ್ಲೇ ಮಾತಾಡಿಕೊಳ್ಳುತ್ತಾರೆ. ನಡುವೆ ದುಭಾಷಿ ಇದ್ದಾನೆ, ಹಾಗಾಗಿ ಈ ಅಧಿಕಾರಿಗೆ ನಮ್ಮ ಮಾತು ತಿಳಿಯಲ್ಲ ಅಂತ ಅವರ ಲೆಕ್ಕ. ತಮ್ಮ ನಮ್ಮನ್ನು ಬೇಡಿಕೊಂಡ, ಅವನ ಸಂಕಟ ಕಂಡರೂ ನಾವು ಕಿವಿಗೊಡಲಿಲ್ಲ ಅನ್ನುತ್ತಾರೆ. ಯೋಸೇಫ ಅತ್ತ ಹೋಗಿ ಅಳುತ್ತಾನೆ.

ಇದನ್ನು ಪಾಠದಲ್ಲಿ ಓದಿದಾಗ ವಯಸ್ಸಾದ ಒಬ್ಬ ತಾಯಿ ಕೇಳಿದರು: 'ಅವನು ಬೇಡಿಕೊಂಡಿದ್ದು ಮೊದಲು ಎಲ್ಲಿ ಬರುತ್ತಪ್ಪಾ?' ಎಲ್ಲರೂ ಆದಿಕಾಂಡದ 37ನೇ ಅಧ್ಯಾಯಕ್ಕೆ ಪುಟ ತಿರುಗಿಸಿದೆವು. ಅಂಗಿ ಕಿತ್ತುಕೊಂಡದ್ದು ಇದೆ, ನೀರಿಲ್ಲದ ಗುಂಡಿಗೆ ಹಾಕಿದ್ದು ಇದೆ. ಹುಡುಗನ ಒಂದು ಕೂಗೂ ಅಲ್ಲಿಲ್ಲ. ಅದರ ಮುಂದಿನ ವಚನದಲ್ಲಿ ಅವರು ಊಟಕ್ಕೆ ಕೂತಿದ್ದಾರೆ.